ಹೊಗೆ ಮೇಲಕ್ಕೆ, ಗ್ಯಾಸ್ ಕೆಳಕ್ಕೆ

ಮಳೆ ಹಿಡಿದಿದೆ. ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಈಗ ಅಡುಗೆಮನೆ ಕಿಟಕಿ ತೆರೆಯುವವರೇ ಇಲ್ಲ. ಎರಚಲು ಹೊಡೆಯುತ್ತದೆ, ಥಂಡಿ ಬೇರೆ. ಅದಕ್ಕೇ ಗ್ಯಾಸ್ ಒಲೆ ಬಗ್ಗೆ ಈಗಲೇ ಬರೆಯುತ್ತಿದ್ದೇನೆ.

ನಮ್ಮ ಹಳೇ ಮನೆಗಳ ಅಡುಗೆಮನೆ ಕಟ್ಟಿದ್ದು ಸೌದೆ ಒಲೆಗೆ. ಬಿಸಿ ಹೊಗೆ ಮೇಲೇರಿ ಹೆಂಚಿನ ಸಂದಿಯಲ್ಲೋ ಗೋಡೆ ಮೇಲಿನ ಕಿಂಡಿಯಲ್ಲೋ ಹೊರಗೆ ಹೋಗುತ್ತದೆ. ಹಾಗಾಗಿ ಗಾಳಿಗೆ ದಾರಿ ಇರುವುದೆಲ್ಲ ಮೇಲೆ. ಕೆಳಗೆ ಎತ್ತರದ ಹೊಸ್ತಿಲು, ದಪ್ಪ ಗೋಡೆ. ಸಿಲಿಂಡರ್ ಒಳಗಿರುವುದು ಪ್ರೋಪೇನ್ ಮತ್ತು ಬ್ಯೂಟೇನ್. ಎರಡೂ ಗಾಳಿಗಿಂತ ಭಾರ. ಸೋರಿದರೆ ನೀರಿನ ಹಾಗೆ ನೆಲಕ್ಕಿಳಿದು ತಗ್ಗು ಹುಡುಕಿಕೊಂಡು ಹೋಗುತ್ತವೆ. ಮೇಲಿನ ಕಿಂಡಿ ಎಷ್ಟು ದೊಡ್ಡದಿದ್ದರೂ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ.

ತಗ್ಗು ಎಲ್ಲಿದೆ ಹೇಳಿ? ಎಷ್ಟೋ ಮನೆಗಳಲ್ಲಿ ಅಡುಗೆಮನೆಗೆ ತಾಗಿಕೊಂಡೇ ಬಚ್ಚಲು, ಅದೂ ಒಂದು ಮೆಟ್ಟಿಲು ಕೆಳಗೆ. ಅಲ್ಲಿ ಹಂಡೆ ಒಲೆ. ಮಳೆಗಾಲದಲ್ಲಿ ಅದರ ಕೆಂಡ ದಿನವಿಡೀ ಆರುವುದಿಲ್ಲ. ಇಲ್ಲಿ ಸೋರಿದ ಗ್ಯಾಸಿಗೆ ಅಲ್ಲಿ ಬೆಂಕಿ ಸಿದ್ಧವಾಗಿರುತ್ತದೆ. ಇದನ್ನು ನೆನೆದರೆ ನನಗೆ ನಿಜಕ್ಕೂ ಭಯವಾಗುತ್ತದೆ. ಸಿಲಿಂಡರನ್ನು ಬಚ್ಚಲ ಬಾಗಿಲಿನಿಂದ ದೂರ, ಹೊರಗೋಡೆ ಪಕ್ಕ ಇಡಿ. ಆ ಗೋಡೆಯಲ್ಲಿ ನೆಲಮಟ್ಟಕ್ಕೆ, ಅಂಗಳಕ್ಕೆ ತೆರೆಯುವ ಹಾಗೆ ಒಂದು ಕಿಂಡಿ ಕೊರೆಸಿ. ಹಾವು, ಇಲಿ ಬರದ ಹಾಗೆ ಜಾಲರಿ ಹಾಕಿಸಿದರಾಯಿತು. ಗಾರೆಯವರಿಗೆ ಅರ್ಧ ದಿನದ ಕೆಲಸವೂ ಅಲ್ಲ.

ಇಲಿ ಅಂದ ಮೇಲೆ ಪೈಪಿನ ವಿಷಯ. ಅಡಿಕೆ, ಭತ್ತ ಇರುವ ಮನೆಯಲ್ಲಿ ಇಲಿ ಇಲ್ಲದೆ ಇರುತ್ತದಾ? ಒಳಗೆ ತಂತಿ ಹೆಣೆದ ಕಿತ್ತಳೆ ಬಣ್ಣದ ಸುರಕ್ಷಾ ಪೈಪನ್ನೇ ಹಾಕಿಸಿ. ಅದಕ್ಕೂ 5 ವರ್ಷದ ಆಯಸ್ಸು, ತಾರೀಕು ಅದರ ಮೇಲೇ ಇರುತ್ತದೆ. ಪೈಪಿಗೆ ಬಟ್ಟೆ ಸುತ್ತಬೇಡಿ, ಬಿರುಕು ಕಾಣುವುದಿಲ್ಲ. ಒಲೆಯ ಹಿಂದೆ ಪೈಪು ಬಾಗುವ ಜಾಗವನ್ನು ಬೆರಳಿನಲ್ಲಿ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ, ಸಣ್ಣ ಗೆರೆ ಬಿದ್ದಿದ್ದರೆ ಬದಲಾಯಿಸುವ ಕಾಲ ಬಂತು. ಎರಡೂ ತುದಿಗೆ ಸೋಪಿನ ನೀರು ಹಚ್ಚಿ, ಗುಳ್ಳೆ ಎದ್ದರೆ ಸೋರುತ್ತಿದೆ ಅಂತಲೇ ಅರ್ಥ. ಕಡ್ಡಿ ಗೀರಿ ನೋಡುವವರು ಇನ್ನೂ ಇದ್ದಾರೆ, ದಯವಿಟ್ಟು ಬೇಡ.

ವಾಸನೆ ಬಂದರೆ ಲೈಟಿನ ಸ್ವಿಚ್ ಹಾಕುವುದೂ ಬೇಡ, ಆರಿಸುವುದೂ ಬೇಡ. ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಹಂಡೆ ಒಲೆ ಉರಿಯುತ್ತಿದ್ದರೆ ಅದನ್ನು ಆರಿಸಲು ಓಡಬೇಡಿ, ಜನ ಹೊರಗೆ ಬರುವುದೇ ಮೊದಲು. ಹೊರಗೆ ಬಂದ ಮೇಲೆ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ಇನ್ನು ಒಲೆ ಮೇಲೆ ಹಗ್ಗ ಕಟ್ಟಿ ಒದ್ದೆ ಬಟ್ಟೆ ಒಣಗಿಸುವುದು. ಬಟ್ಟೆ ಒಣಗದ ಕಷ್ಟ ನನಗೂ ಗೊತ್ತು. ಆದರೂ ಬೇಡ. ಹಂಡೆ ಒಲೆಯಿಂದ ದೂರಕ್ಕೆ, ಅದರ ಕಾವು ತಾಗುವಲ್ಲಿ ಕಟ್ಟಿಕೊಳ್ಳಿ.

ಉರಿ ಹಳದಿಯಾಗಿದ್ದು ಪಾತ್ರೆ ತಳ ಕಪ್ಪಾಗುತ್ತಿದ್ದರೆ ಬರ್ನರ್ ತೂತು ಕಟ್ಟಿದೆ. ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬಿಡುತ್ತದೆ, ಅದಕ್ಕೆ ವಾಸನೆಯೂ ಇಲ್ಲ. ಅಡುಗೆ ಆಗುವಷ್ಟು ಹೊತ್ತು ಕಿಟಕಿಯ ಒಂದು ರೆಕ್ಕೆಯಾದರೂ ತೆರೆದಿರಲಿ. ಬರ್ನರನ್ನು ಸೂಜಿಯಿಂದ ಬಿಡಿಸಿ, ತೊಳೆದು, ಪೂರ್ತಿ ಒಣಗಿಸಿ ಹಾಕಿದರೆ ಉರಿ ಮತ್ತೆ ನೀಲಿಗೆ ಬರುತ್ತದೆ.

ಸಿಲಿಂಡರ್ ಜಾಸ್ತಿ ದಿನ ಬರಬೇಕು ಅಂದರೂ ಉರಿ ನೀಲಿಯಾಗಿಯೇ ಇರಬೇಕು. ಉರಿ ಪಾತ್ರೆಯ ತಳ ದಾಟಿ ಪಕ್ಕಕ್ಕೆ ಬಂದರೆ ಗ್ಯಾಸು ಸುಮ್ನೆ ಹೋಯಿತು. ಕೆಂಪಕ್ಕಿಯನ್ನು ನೆನೆಸಿ ಇಡಿ, ಬೇಗ ಬೇಯುತ್ತದೆ. ಕಡುಬಿನ ನೀರು ಕುದಿ ಬಂದ ಮೇಲೆ ದೊಡ್ಡ ಉರಿ ಬೇಕಿಲ್ಲ. ಕುದಿಯುವ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಆವಿಯಾಗಿ ಬೇಗ ಖಾಲಿಯಾಗುತ್ತದೆ ಅಷ್ಟೇ. ಆವಿ ನಿಲ್ಲದಷ್ಟು ಉರಿ ಇಟ್ಟು ಮುಚ್ಚಳ ಬಿಗಿಯಾಗಿ ಹಾಕಿದರೂ ಕಡುಬು ಅದೇ ಹೊತ್ತಿಗೆ ಬೆಂದಿರುತ್ತದೆ.