ಶಿಳ್ಳೆ ಹೊಡೆಯುವವರೆಲ್ಲ ಎಲ್ಲಿ ಹೋದರು?

ಒಂದು ಪ್ರಶ್ನೆ ಕೇಳುತ್ತೇನೆ, ಸ್ವಲ್ಪ ನೆನಪು ಮಾಡಿಕೊಂಡು ಹೇಳಿ. ಕೆಲಸ ಮಾಡುತ್ತಲೋ, ದಾರಿಯಲ್ಲಿ ನಡೆಯುತ್ತಲೋ ತನ್ನ ಪಾಡಿಗೆ ತಾನು ಶಿಳ್ಳೆಯಲ್ಲಿ ಹಾಡು ನುಡಿಸಿಕೊಂಡು ಹೋಗುವ ಒಬ್ಬ ಮನುಷ್ಯ ನಿಮಗೆ ಕೊನೆಯ ಸಲ ಸಿಕ್ಕಿದ್ದು ಯಾವಾಗ?

ಸ್ಟೇಡಿಯಮ್ಮಿನಲ್ಲಿ ಬಾಯಿಗೆ ಎರಡು ಬೆರಳಿಟ್ಟು ಕಿವಿ ತೂತಾಗುವಂತೆ ಹೊಡೆಯುತ್ತಾರಲ್ಲ, ಆ ಶಿಳ್ಳೆಯ ವಿಷಯ ಅಲ್ಲ. ಅದಕ್ಕೇನೂ ಆಗಿಲ್ಲ, ಗಟ್ಟಿಮುಟ್ಟಾಗಿದೆ. ನಾನು ಹೇಳುತ್ತಿರುವುದು ಇನ್ನೊಂದರ ಬಗ್ಗೆ. ತುಟಿ ಚೂಪು ಮಾಡಿಕೊಂಡು, ಹಾಡಿನ ಎರಡು ಸಾಲು ಬಂದು, ಮೂರನೆಯದು ಮರೆತು, ಮತ್ತೆ ಮೊದಲಿಗೇ ವಾಪಸ್ ಬರುವ ಶಿಳ್ಳೆ, ಹೊಡೆಯುವವನಿಗೇ ತಾನು ಹೊಡೆಯುತ್ತಿದ್ದೇನೆ ಅಂತ ಗೊತ್ತಿಲ್ಲದ ಶಿಳ್ಳೆ. ಅದು ಸಾಯುತ್ತಿದೆ ಅಂತ ನನಗೆ ಅನ್ನಿಸುತ್ತದೆ. ಶಿಳ್ಳೆ ಎಣಿಸುವ ಜನಗಣತಿ ಎಲ್ಲೂ ನಡೆಯುವುದಿಲ್ಲ, ಹಾಗಾಗಿ ಅಂಕಿಅಂಶ ಕೇಳಬೇಡಿ. ಕಿವಿಯೇ ಸಾಕ್ಷಿ. ಆ ಕಿವಿಯಲ್ಲೂ ಇಯರ್‌ಫೋನ್ ಇದ್ದರೆ ಸಾಕ್ಷಿಯೂ ಹೋಯಿತು, ಅದು ಬೇರೆ ಮಾತು.

ಯೋಚಿಸಿ ನೋಡಿ, ಇಷ್ಟು ಅಗ್ಗದ ವಾದ್ಯ ಇನ್ನೊಂದಿಲ್ಲ. ಗಂಟಲಿಗೆ ಕೆಲಸವೇ ಇಲ್ಲ, ಧ್ವನಿತಂತುಗಳು ಆರಾಮಾಗಿ ಮಲಗಿರುತ್ತವೆ. ತುಟಿಯ ಸಣ್ಣ ಸಂದಿಯಲ್ಲಿ ನುಗ್ಗುವ ಗಾಳಿ ನಡುಗುತ್ತದೆ, ಬಾಯಿಯೊಳಗಿನ ಪೊಳ್ಳು ಆ ನಡುಕದಲ್ಲಿ ತನಗೆ ಹೊಂದುವ ಸ್ವರವನ್ನು ಹಿಡಿದು ದೊಡ್ಡದು ಮಾಡುತ್ತದೆ. ನಾಲಿಗೆ ಮುಂದೆ ಬಂದರೆ ಪೊಳ್ಳು ಚಿಕ್ಕದಾಗಿ ಸ್ವರ ಏರುತ್ತದೆ, ಹಿಂದೆ ಸರಿದರೆ ಇಳಿಯುತ್ತದೆ. ಉಸಿರು ಬಿಡುವಾಗಲೂ ಹೊಡೆಯಬಹುದು, ಎಳೆದುಕೊಳ್ಳುವಾಗಲೂ ಹೊಡೆಯಬಹುದು. ತುಟಿ ಒಣಗಿದ್ದರೆ ಬರುವುದಿಲ್ಲ, ನಗು ಬಂದರೆ ಅಂತೂ ಮುಗಿಯಿತು. (ಪಕ್ಕದವನ ಶಿಳ್ಳೆ ನಿಲ್ಲಿಸಬೇಕೆಂದರೆ ಬೈಯುವುದು ಬೇಡ, ನಗಿಸಿದರೆ ಸಾಕು.) ಸ್ವರ ಹೆಚ್ಚುಕಡಿಮೆ 1,000ದಿಂದ 3,000 ಹರ್ಟ್ಸ್ (ಅಂದರೆ ಸೆಕೆಂಡಿಗೆ ಅಷ್ಟು ಕಂಪನ) ಒಳಗೆ ಬೀಳುತ್ತದೆ, ನಮ್ಮ ಕಿವಿ ಚುರುಕಾಗಿರುವುದೂ ಅದರ ಆಸುಪಾಸಿನಲ್ಲೇ, ಅದಕ್ಕೇ ಗದ್ದಲದ ಮಧ್ಯೆಯೂ ಶಿಳ್ಳೆ ಎದ್ದು ಕೇಳುತ್ತದೆ.

ಆದರೆ ಕಲಿಸುವುದು ಮಾತ್ರ ಕಷ್ಟ. ನಾಲಿಗೆ ಎಲ್ಲಿಟ್ಟಿದ್ದೇನೆ ನೋಡು ಅಂತ ಬಾಯಿ ತೆರೆದರೆ ಶಿಳ್ಳೆಯೇ ಇರುವುದಿಲ್ಲ. ಮಕ್ಕಳು ಯಾರನ್ನೋ ನೋಡಿ, ಎಷ್ಟೋ ದಿನ ಬರೀ ಫೂ ಫೂ ಅಂತ ಗಾಳಿ ಊದಿ, ಮನೆಯವರ ತಲೆ ತಿಂದು, ಒಂದು ದಿನ ಇದ್ದಕ್ಕಿದ್ದಂತೆ ಕಲಿತುಬಿಡುತ್ತಾರೆ. ಅದಕ್ಕೆ ಎದುರಿಗೆ ಹೊಡೆಯುವವರು ಯಾರಾದರೂ ಇರಬೇಕು, ಮತ್ತೆ ಮಾಡಲು ಏನೂ ಇಲ್ಲದ ಹೊತ್ತು ಬೇಕು. ಈಗ ಎರಡೂ ಕಡಿಮೆ.

ಕಾರಣ ಕೇಳಿದರೆ ಎಲ್ಲರೂ ಮೊದಲು ಬೊಟ್ಟು ಮಾಡುವುದು ಇಯರ್‌ಫೋನ್ ಕಡೆಗೆ. ಸೋನಿಯ ವಾಕ್‌ಮನ್ ಬಂದಿದ್ದು 1979ರಲ್ಲಿ, ಐಪಾಡ್ 2001ರಲ್ಲಿ, ಆಮೇಲೆ ಫೋನೇ ಎಲ್ಲ ಆಯಿತು. ಕಿವಿಯಲ್ಲಿ ಹಾಡಿರುವಾಗ ಬಾಯಲ್ಲಿ ಯಾಕೆ ಅನ್ನುವ ಲೆಕ್ಕ. ಒಪ್ಪುತ್ತೇನೆ, ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಒಂದು ವಿಷಯ ಅರ್ಥವಾಗುವುದಿಲ್ಲ. ಹಾಡು ಕೇಳಿಸುವ ಯಂತ್ರ ಬಂದ ತಕ್ಷಣ ಶಿಳ್ಳೆ ಸೊರಗಬೇಕಿತ್ತು ಅಲ್ವಾ? ಸೊರಗಲಿಲ್ಲ, ಕೊಬ್ಬಿತು! ಜಾರ್ಜ್ ಡಬ್ಲ್ಯೂ. ಜಾನ್ಸನ್ ಅಂತ ಒಬ್ಬ ಅಮೆರಿಕದ ಕಪ್ಪು ಗಾಯಕ ಇದ್ದ. ನ್ಯೂಯಾರ್ಕಿನಲ್ಲಿ ದಾರಿಹೋಕರ ಮುಂದೆ ಶಿಳ್ಳೆ ಹೊಡೆದು ಕಾಸು ಗಳಿಸುತ್ತಿದ್ದವನು, 1890ರ ಹೊತ್ತಿಗೆ, ಫೋನೋಗ್ರಾಫ್ ಇನ್ನೂ ಹೊಸದಾಗಿದ್ದಾಗಲೇ, ಶಿಳ್ಳೆಯ ರೆಕಾರ್ಡುಗಳಿಂದ ಹೆಸರು ಮಾಡಿದ. ರೇಡಿಯೋ ಕಾಲದಲ್ಲಂತೂ ಶಿಳ್ಳೆಗಾರರು ಸ್ಟಾರ್‌ಗಳು. ಇಂಗ್ಲೆಂಡಿನ ರಾನಿ ರೊನಾಲ್ಡ್ 1950ರ ದಶಕದಲ್ಲಿ ಮನೆಮಾತು.

ಯಾಕೆ ಹೀಗಾಯಿತು? ನನಗೆ ಹೊಳೆಯುವುದು ಇಷ್ಟು. ರೇಡಿಯೋ ಒಂದು ಹಾಡನ್ನು ಕಿವಿಗೆ ಹಾಕಿ ಹೋಗಿಬಿಡುತ್ತಿತ್ತು. ಮತ್ತೆ ಕೇಳಬೇಕೆಂದರೆ ಅವರು ಮತ್ತೆ ಹಾಕುವವರೆಗೆ ಕಾಯಬೇಕು, ಅದು ಇವತ್ತೋ, ನಾಳೆಯೋ, ಮುಂದಿನ ವಾರವೋ. ಅಲ್ಲಿಯವರೆಗೆ ಹಾಡು ತಲೆಯೊಳಗೆ ಸುತ್ತುತ್ತಾ ಇರುತ್ತದೆ, ಮಾತು ಅರ್ಧ ಮರೆತಿದೆ, ಧಾಟಿ ಮಾತ್ರ ಬಿಡುತ್ತಿಲ್ಲ, ಹೊರಗೆ ಬರಲು ಒಂದು ದಾರಿ ಬೇಕು. ಆ ದಾರಿ ಶಿಳ್ಳೆ. ಹಾಡು ಬೇಕೆಂದಾಗ ಸಿಗದಿದ್ದ ಕಾಲದ ಅಭ್ಯಾಸ ಅದು. ತಲೆಗೆ ಬಂದ ಹಾಡನ್ನು ಮೂರು ಸೆಕೆಂಡಿನಲ್ಲಿ, ಮೂಲ ಗಾಯಕರ ದನಿಯಲ್ಲೇ, ಪೂರ್ತಿ ವಾದ್ಯಗಳ ಜೊತೆ ಕೇಳಬಹುದಾದ ಮೇಲೆ ನಮ್ಮ ಒಡಕಲು ಶಿಳ್ಳೆ ನಮಗೇ ಬೇಡ.

ಇನ್ನೂ ಒಂದಿದೆ. ಆಗ ಎಲ್ಲರೂ ಒಂದೇ ರೇಡಿಯೋ, ಅದೇ ಹಾಡು ಕೇಳುತ್ತಿದ್ದರು. ಒಬ್ಬ ಎರಡು ಸಾಲು ಹೊಡೆದರೆ ಮೂರನೇ ಸಾಲನ್ನು ಇನ್ನೊಬ್ಬ ಎತ್ತಿಕೊಳ್ಳಬಹುದಿತ್ತು. ಈಗ ಒಂದೇ ಮನೆಯಲ್ಲಿ ನಾಲ್ಕು ಜನರಿಗೆ ನಾಲ್ಕು ಪ್ಲೇಲಿಸ್ಟ್. ನಿಮ್ಮ ಶಿಳ್ಳೆಯ ಹಾಡು ಪಕ್ಕದವರಿಗೆ ಗೊತ್ತೇ ಇಲ್ಲ, ಹಾಗಾಗಿ ಅದು ಅವರಿಗೆ ಬರೀ ಕಿರಿಕಿರಿ. (ಹಾಡುಗಳೂ ಬದಲಾಗಿವೆ. ಮಾತು ಮತ್ತು ತಾಳದ ಮೇಲೆ ನಿಂತ ಹಾಡನ್ನು ಶಿಳ್ಳೆಯಲ್ಲಿ ಹೊಡೆಯಲು ಹೋಗಿ ನೋಡಿ, ಏನೂ ಉಳಿಯುವುದಿಲ್ಲ.)

ಕೆಲಸದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕೈಗೆ ಕೆಲಸ, ತಲೆಗೆ ಬಿಡುವು, ಹತ್ತಿರದಲ್ಲಿ ಮೇಲ್ವಿಚಾರಕ ಇಲ್ಲ. ಶಿಳ್ಳೆ ಹುಟ್ಟುವುದು ಇಂಥ ಕಡೆ. ಗೋಡೆಗೆ ಬಣ್ಣ ಹೊಡೆಯುವುದು, ಸೈಕಲ್ಲಿನಲ್ಲಿ ಪತ್ರ ಹಂಚುವುದು. ಈಗ ಹಂಚುವವನ ಜೇಬಿನಲ್ಲಿ ಗಡಿಯಾರ ಓಡುತ್ತಿರುತ್ತದೆ, ಮುಂದಿನ ವಿಳಾಸ ಕಿವಿಯಲ್ಲೇ ಹೇಳುತ್ತಿರುತ್ತಾರೆ.

ಇಷ್ಟು ಹೇಳಿದೆ ಅಂತ ನನ್ನನ್ನು ಶಿಳ್ಳೆ ಉಳಿಸಿ ಹೋರಾಟಗಾರ ಅಂದುಕೊಳ್ಳಬೇಡಿ. ಆಫೀಸಿನಲ್ಲಿ ನಿಮ್ಮ ಬೆನ್ನ ಹಿಂದೆ ಕೂತವರು ಒಂದೇ ಸಾಲನ್ನು ಬೆಳಗ್ಗೆಯಿಂದ ಸಂಜೆವರೆಗೆ, ಅದೂ ಸ್ವರ ತಪ್ಪಿ ಹೊಡೆಯುತ್ತಿದ್ದರೆ ಏನಾಗುತ್ತದೆ ಅಂತ ಅನುಭವಿಸಿದವರಿಗೆ ಗೊತ್ತು. ನಾಲ್ಕು ಗೋಡೆಯೊಳಗೆ ಅದು ನಿಂತಿದ್ದಕ್ಕೆ ನನಗೆ ಬೇಜಾರಿಲ್ಲ. ಎಲ್ಲೆಂದರಲ್ಲಿ ಶಿಳ್ಳೆ ಹೊಡೆಯಬಹುದಾದ ಕಾಲ ಯಾವತ್ತೂ ಇರಲೂ ಇಲ್ಲ. ಹಡಗಿನಲ್ಲಿ ಹೊಡೆದರೆ ಬಿರುಗಾಳಿ ಕರೆದಂತೆ ಅಂತ ನಾವಿಕರು ಬೈಯುತ್ತಿದ್ದರು. ಗಣಿಯೊಳಗೆ ಅಪಶಕುನ. ನಾಟಕದ ರಂಗದ ಹಿಂದೆಯೂ ನಿಷೇಧ, ಮೊದಲೆಲ್ಲ ಪರದೆಯ ಹಗ್ಗ ಎಳೆಯುವವರಿಗೆ ಸಂಕೇತ ಕೊಡುತ್ತಿದ್ದುದೇ ಶಿಳ್ಳೆಯಲ್ಲಿ, ಸುಮ್ನೆ ಹೊಡೆದರೆ ತಲೆಯ ಮೇಲೆ ಏನಾದರೂ ಇಳಿದೀತು ಅಂತ ಕಾರಣ ಹೇಳುತ್ತಾರೆ.

ಇನ್ನು ಯಾರ ಶಿಳ್ಳೆ ಅನ್ನುವ ಪ್ರಶ್ನೆ. ಇದರ ಬಗ್ಗೆ ಹಳಹಳಿಸುವವರಲ್ಲಿ ಗಂಡಸರೇ ಜಾಸ್ತಿ, ಗಮನಿಸಿದ್ದೀರಾ? ಶಿಳ್ಳೆ ಹೊಡೆಯುವ ಹೆಂಗಸು, ಕೂಗುವ ಹೇಂಟೆ ಎರಡೂ ದೇವರಿಗೂ ಬೇಡ, ಮನುಷ್ಯರಿಗೂ ಬೇಡ ಅಂತ ಇಂಗ್ಲಿಷರಲ್ಲಿ ಒಂದು ಗಾದೆಯೇ ಇದೆ. ಆ ಗಾದೆ ಬಾಯಿಗೆ ಬಾಯಿ ಓಡಾಡುತ್ತಿದ್ದ ಕಾಲದಲ್ಲೇ ಆಗ್ನೆಸ್ ವುಡ್‌ವರ್ಡ್ ಎಂಬಾಕೆ 1909ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಶಿಳ್ಳೆ ಕಲಿಸುವ ಶಾಲೆಯನ್ನೇ ತೆರೆದರು. ಭಲೇ ಹೆಂಗಸು. ಆದರೆ ವೇದಿಕೆ ಬೇರೆ, ಬೀದಿ ಬೇರೆ. ಬೀದಿಯಲ್ಲಿ ಹೆಣ್ಣುಮಕ್ಕಳ ಪಾಲಿಗೆ ಶಿಳ್ಳೆ ಅಂದರೆ ಅವರು ಹೊಡೆಯುವುದಲ್ಲ, ಅವರತ್ತ ಯಾರೋ ಹೊಡೆಯುವುದು. ಫ್ರಾನ್ಸ್ 2018ರಲ್ಲಿ ಬೀದಿ ಕಿರುಕುಳಕ್ಕೆ ಸ್ಥಳದಲ್ಲೇ ದಂಡ ಹಾಕುವ ಕಾನೂನು ತಂದಿತು. ಆ ಜಾತಿಯ ಶಿಳ್ಳೆ ಸಾಯುತ್ತಿದ್ದರೆ ಇನ್ನೂ ಬೇಗ ಸಾಯಲಿ, ನಾನೇ ಹೂವು ಹಾಕುತ್ತೇನೆ.

ಹಾಗೆಯೇ ಗಂಡಸರಲ್ಲೂ ಎಲ್ಲರ ಶಿಳ್ಳೆ ಒಂದೇ ಬೆಲೆಗೆ ಹೋಗುತ್ತಿರಲಿಲ್ಲ. 1955ರಲ್ಲಿ ಅಮೆರಿಕದ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಎಂಬ 14 ವರ್ಷದ ಕಪ್ಪು ಹುಡುಗನನ್ನು ಹಿಂಸಿಸಿ ಕೊಂದರು, ಬಿಳಿ ಹೆಂಗಸೊಬ್ಬಳಿಗೆ ಶಿಳ್ಳೆ ಹೊಡೆದ ಎಂಬ ಆರೋಪದ ಮೇಲೆ. ಕೊಂದವರನ್ನು ಬಿಳಿಯರೇ ತುಂಬಿದ್ದ ಜ್ಯೂರಿ ಖುಲಾಸೆ ಮಾಡಿತು. ಅದೇ ದೇಶದಲ್ಲಿ 1970ರ ದಶಕದಲ್ಲಿ ಬ್ರೆಂಟ್ ಸ್ಟೇಪಲ್ಸ್ ಎಂಬ ಕಪ್ಪು ವಿದ್ಯಾರ್ಥಿ, ಮುಂದೆ ಹೆಸರಾಂತ ಪತ್ರಕರ್ತ ಆದವರು, ಶಿಕಾಗೋದಲ್ಲಿ ರಾತ್ರಿ ನಡೆದು ಹೋಗುವಾಗ ಎದುರಿಗೆ ಬರುವವರು ತನ್ನನ್ನು ಕಂಡು ಹೆದರುವುದನ್ನು ಗಮನಿಸಿದರು. ಅದಕ್ಕೆ ಅವರು ಕಂಡುಕೊಂಡ ಉಪಾಯ, ಯುರೋಪಿನ ಶಾಸ್ತ್ರೀಯ ಸಂಗೀತಗಾರ ವಿವಾಲ್ಡಿಯ ಸಂಗೀತವನ್ನು ಶಿಳ್ಳೆ ಹೊಡೆಯುತ್ತಾ ನಡೆಯುವುದು. ಶಾಸ್ತ್ರೀಯ ಸಂಗೀತ ಶಿಳ್ಳೆ ಹೊಡೆಯುವವನು ದರೋಡೆ ಮಾಡಲಾರ ಅಂತ ಜನ ಸಮಾಧಾನವಾಗುತ್ತಿದ್ದರಂತೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ "ಆಗಿನ ಕಾಲದಲ್ಲಿ ಜನ ಖುಷಿಯಾಗಿದ್ದರು, ಅದಕ್ಕೇ ಶಿಳ್ಳೆ ಹೊಡೆಯುತ್ತಿದ್ದರು" ಅನ್ನುವ ಮಾತು ನನಗಂತೂ ಗಂಟಲಲ್ಲಿ ಇಳಿಯುವುದಿಲ್ಲ. ಕತ್ತಲಲ್ಲಿ ಹೆದರಿಕೆಗೂ ಜನ ಶಿಳ್ಳೆ ಹೊಡೆಯುತ್ತಾರೆ.

"ಶಾಲೆಯಲ್ಲಿ ಕಲಿಸಿದರೆ ಉಳಿಯುತ್ತದೆ" ಅನ್ನುವವರು ಇದ್ದಾರೆ. ಅವರು ತೋರಿಸುವುದು ಸ್ಪೇನಿನ ಕೆನರಿ ದ್ವೀಪಗಳಲ್ಲಿ ಒಂದಾದ ಲಾ ಗೊಮೆರಾವನ್ನು. ಅಲ್ಲಿ ಕಣಿವೆಯ ಈ ಕಡೆಯಿಂದ ಆ ಕಡೆಗೆ ಶಿಳ್ಳೆಯಲ್ಲೇ ಮಾತಾಡುತ್ತಿದ್ದರು. ಸಂಕೇತ ಅಲ್ಲ, ಪೂರ್ತಿ ಸ್ಪ್ಯಾನಿಷ್ ವಾಕ್ಯಗಳು, ಕಿಲೋಮೀಟರುಗಟ್ಟಲೆ ದೂರಕ್ಕೆ. ರಸ್ತೆ, ಫೋನು ಬಂದ ಮೇಲೆ ಅದು ಮಲಗಿತು. 1999ರಲ್ಲಿ ಶಾಲೆಗಳಲ್ಲಿ ಕಡ್ಡಾಯ ಮಾಡಿದರು, 2009ರಲ್ಲಿ ಯುನೆಸ್ಕೋದ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿತು, ಈಗ ಮಕ್ಕಳಿಗೆ ಬರುತ್ತದೆ. ಟರ್ಕಿಯ ಕಪ್ಪು ಸಮುದ್ರದ ಕಡೆ ಕುಶ್ಕೊಯ್ ಎಂಬ ಹಳ್ಳಿಯಲ್ಲೂ ಇಂಥದೇ ಶಿಳ್ಳೆ ಮಾತು ಇದೆ. ಅದನ್ನು ಯುನೆಸ್ಕೋ 2017ರಲ್ಲಿ ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಹಾಕಿತು, ಮುಖ್ಯ ಶತ್ರು ಮೊಬೈಲ್ ಫೋನ್. (ಒಂದು ಕಾಲದಲ್ಲಿ ಶಿಳ್ಳೆಯೇ ಫೋನನ್ನು ಆಟ ಆಡಿಸಿತ್ತು, ಗೊತ್ತಾ? ಅಮೆರಿಕದಲ್ಲಿ ಜೋ ಎಂಗ್ರೇಸಿಯಾ ಎಂಬ ಕಣ್ಣು ಕಾಣದ ಹುಡುಗ ಸರಿಯಾಗಿ 2,600 ಹರ್ಟ್ಸ್ ಸ್ವರದಲ್ಲಿ ಶಿಳ್ಳೆ ಹೊಡೆದರೆ ದೂರದ ಕರೆಯ ಲೈನು ತನ್ನ ಮಾತು ಕೇಳುತ್ತದೆ ಅಂತ 1950ರ ದಶಕದಲ್ಲೇ ಕಂಡುಹಿಡಿದಿದ್ದ. ಕಂಪನಿ ತನ್ನ ಯಂತ್ರಗಳಿಗೆ ಕೊಡುತ್ತಿದ್ದ ಸಂಕೇತವೇ ಆ ಸ್ವರ.)

ಗೊಮೆರಾದ್ದು ಒಳ್ಳೆಯ ಕೆಲಸ, ಅನುಮಾನವಿಲ್ಲ. ಆದರೆ ಅದು ಭಾಷೆ. ಭಾಷೆಗೆ ವ್ಯಾಕರಣ ಇದೆ, ಪಾಠ ಮಾಡಬಹುದು, ಪರೀಕ್ಷೆ ಇಡಬಹುದು. ಅನ್ಯಮನಸ್ಕನಾಗಿ ಶಿಳ್ಳೆ ಹೊಡೆಯುವುದಕ್ಕೆ ಯಾವ ಮೇಷ್ಟ್ರು ಹೋಮ್‌ವರ್ಕ್ ಕೊಡುತ್ತಾರೆ? ಕಲೆಯಾಗಿಯೂ ಶಿಳ್ಳೆ ಉಳಿದಿದೆ, ಉಳಿಯುತ್ತದೆ ಕೂಡ. 1964ರಿಂದ ಸೆರ್ಜಿಯೋ ಲಿಯೋನೆಯ ಕೌಬಾಯ್ ಸಿನಿಮಾಗಳಲ್ಲಿ ಅಲೆಸ್ಸಾಂಡ್ರೋ ಅಲೆಸ್ಸಾಂಡ್ರೋನಿ ಹೊಡೆದ ಶಿಳ್ಳೆಯನ್ನು ಇವತ್ತಿಗೂ ಜನ ಗುರುತು ಹಿಡಿಯುತ್ತಾರೆ. ಅಮೆರಿಕದ ಗಾಯಕ ಓಟಿಸ್ ರೆಡ್ಡಿಂಗ್ 1967ರಲ್ಲಿ, ವಿಮಾನ ಅಪಘಾತದಲ್ಲಿ ತೀರಿಹೋಗುವುದಕ್ಕೆ ಕೆಲವೇ ದಿನ ಮೊದಲು ಮುಗಿಸಿದ ಹಾಡಿನ ಕೊನೆಗೆ ಮಾತಿಲ್ಲದೆ ಶಿಳ್ಳೆ ಹೊಡೆದರು, ಆ ಹಾಡು ಅವರು ಹೋದ ಮೇಲೆ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಈಗಲೂ ಜಾಹೀರಾತು, ಪಾಪ್ ಹಾಡು ಎಲ್ಲದರಲ್ಲೂ ಶಿಳ್ಳೆ ಇದೆ, ನಿರಾಳ ಅನ್ನಿಸಬೇಕಾದ ಕಡೆಯಲ್ಲೆಲ್ಲ ಅದನ್ನೇ ತುರುಕುತ್ತಾರೆ. ನಾವು ಕೇಳುತ್ತೇವೆ, ಹೊಡೆಯುವುದಿಲ್ಲ.

ನಾನು ಹೇಳುವ ಶಿಳ್ಳೆ ಹೇಗಿರುತ್ತದೆ ಅಂತ ತಿಳಿಯಬೇಕಾದರೆ ಬಾನಿಯ ಕಥೆ ಕೇಳಿ. ವಾಷಿಂಗ್ಟನ್‌ನ ರಾಷ್ಟ್ರೀಯ ಮೃಗಾಲಯದಲ್ಲಿದ್ದ ಒರಾಂಗುಟಾನ್ ಅದು. ಯಾರೂ ತರಬೇತಿ ಕೊಡದೆ, ತನ್ನನ್ನು ನೋಡಿಕೊಳ್ಳುವವರ ಶಿಳ್ಳೆ ಕೇಳಿ ಕೇಳಿ ತಾನೇ ಹೊಡೆಯಲು ಶುರು ಮಾಡಿತು. ವಿಜ್ಞಾನಿಗಳು 2009ರಲ್ಲಿ ಅದರ ಬಗ್ಗೆ ಲೇಖನವನ್ನೇ ಬರೆದರು, ಯಾಕೆಂದರೆ ಆ ಜಾತಿಯ ಪ್ರಾಣಿಗಳು ತಮ್ಮದಲ್ಲದ ಸದ್ದನ್ನು ಕಲಿಯುವುದು ಅಪರೂಪ. ಹೊಡೆದರೆ ಹಣ್ಣು ಸಿಗುತ್ತದೆ ಅಂತಲೂ ಅಲ್ಲ. ಸದ್ದು ಬರುತ್ತದೆ, ಚೆನ್ನಾಗಿದೆ, ಹೊಡೆಯಿತು. ಬಾನಿಯ ಕೈಯಲ್ಲಿ ಫೋನ್ ಇರಲಿಲ್ಲ ಅನ್ನುವುದನ್ನೂ ಸೇರಿಸಿಕೊಳ್ಳಿ.

ನಮ್ಮ ಕೈಯಲ್ಲಿದೆ. ಬಸ್ಸಿಗೆ ಕಾಯುವಾಗ, ಲಿಫ್ಟ್ ಬರುವ ತನಕ, ಹಾಲು ಕಾಯುವ ಆ ಐದು ನಿಮಿಷ, ಹಿಂದೆ ಶಿಳ್ಳೆ ಹುಟ್ಟುತ್ತಿದ್ದ ಸಂದಿಗಳೆಲ್ಲ ಈಗ ಪರದೆಯ ಪಾಲಾಗಿವೆ. ನನ್ನದೂ ಅದೇ ಕಥೆ, ಉಪದೇಶ ಮಾಡುತ್ತಿಲ್ಲ.

2020ರಲ್ಲಿ ಗೂಗಲ್ ಹೊಸದೊಂದು ಸೌಲಭ್ಯ ತಂದಿತು. ತಲೆಯಲ್ಲಿ ಧಾಟಿ ಇದೆ, ಹಾಡು ಯಾವುದು ಗೊತ್ತಾಗುತ್ತಿಲ್ಲ ಅಂದರೆ ಫೋನಿನ ಮುಂದೆ 10-15 ಸೆಕೆಂಡ್ ಗುನುಗಿ, ಇಲ್ಲವೇ ಶಿಳ್ಳೆ ಹೊಡೆಯಿರಿ, ಅದು ಹುಡುಕಿ ಹೇಳುತ್ತದೆ. ಪರವಾಗಿಲ್ಲ, ಚೆನ್ನಾಗಿಯೇ ಹೇಳುತ್ತದೆ. ಶಿಳ್ಳೆಗೆ ಕೊನೆಗೂ ಒಂದು ಉಪಯೋಗ ಸಿಕ್ಕಿತು. ಹಾಡಿನ ಹೆಸರು ಬಂದ ತಕ್ಷಣ ಕೆಳಗೆ ವಿಡಿಯೋ ಲಿಂಕೂ ಬರುತ್ತದೆ, ಒತ್ತುತ್ತೇವೆ, ಹಾಡು ಶುರುವಾಗುತ್ತದೆ, ನಾವು ಶಿಳ್ಳೆ ನಿಲ್ಲಿಸುತ್ತೇವೆ.