ಆ ಕೆಂಪು ಗೂಳಿ ಯಾರು ಅಂತ ನನಗೆ ಹೇಳಬೇಡಿ

ಶನಿವಾರ ರಾತ್ರಿಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದು ಹಾಕದಿದ್ದರೆ ಮನೆಯವರ ಮೇಲೆ ಹರಿಹಾಯುತ್ತೇನೆ. ಪಾಪ, ಅವರೇನೂ ಮಾಡಿಲ್ಲ.

ಆಗಿದ್ದಿಷ್ಟು. ಅಕ್ಕನ ಮಗಳು ಹಾಸ್ಟೆಲ್‌ನಿಂದ ಎರಡು ದಿನಕ್ಕೆ ಅಂತ ಬಂದಿದ್ದಳು. ಜಪಾನಿನ ಜಿಬ್ಲಿ ಸ್ಟುಡಿಯೋದ ಸಿನಿಮಾ ಅಂದರೆ ಅವಳಿಗೆ ಊಟ ಬೇಡ, ನಿದ್ದೆ ಬೇಡ. "ಚಿಕ್ಕಿ, ಇದನ್ನು ಮಾಡಿದ್ದು ಟಾಪ್‌ಕ್ರಾಫ್ಟ್ ಅನ್ನೋ ಸ್ಟುಡಿಯೋ. ಆಮೇಲೆ ಅಲ್ಲಿದ್ದವರಲ್ಲಿ ಸುಮಾರು ಜನ ಜಿಬ್ಲಿಗೆ ಹೋದ್ರು, ಗೊತ್ತಾ?" ಅಂದಳು. ಹಾಕಿದ್ದು 'ದಿ ಲಾಸ್ಟ್ ಯೂನಿಕಾರ್ನ್'. 1982ರ ಅನಿಮೇಷನ್ ಸಿನಿಮಾ. ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಪೀಟರ್ ಬೀಗಲ್ ಬರೆದ ಆ ಕಾದಂಬರಿಯನ್ನು ಎಂ.ಎ. ಓದುವಾಗ ಓದಿದ್ದೆ. 1968ರ ಪುಸ್ತಕ. ಬೆನ್ನು ಕಿತ್ತುಹೋಗಿದ್ದ ಪ್ರತಿ. ಸಿನಿಮಾ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

(ಯೂನಿಕಾರ್ನ್ ಅಂತ ಕಿವಿಗೆ ಬಿದ್ದ ಕೂಡಲೇ ನಮ್ಮ ಯಜಮಾನರು ಬಂದು ಪಕ್ಕದಲ್ಲಿ ಕೂತರು. ಬೆಂಗಳೂರಿನಲ್ಲಿ ಯೂನಿಕಾರ್ನ್ ಅಂದರೆ ನೂರು ಕೋಟಿ ಡಾಲರ್ ಬೆಲೆಯ ಕಂಪನಿ. ಹಣೆಯಲ್ಲಿ ಒಂದೇ ಕೊಂಬಿರುವ ಬಿಳಿ ಪ್ರಾಣಿ, ಷೇರಿನ ವಿಷಯ ಏನೂ ಇಲ್ಲ ಅಂತ ಗೊತ್ತಾದ ಮೇಲೆ ಎದ್ದು ಹೋದರು.)

ಸಿನಿಮಾ ಮುಗಿಯಿತು. ನನ್ನ ಕನ್ನಡಕ ಮಂಜಾಗಿತ್ತು. ಹೆಸರುಗಳಿನ್ನೂ ಓಡುತ್ತಿವೆ, ಈ ಹುಡುಗಿ ಫೋನ್ ತೆಗೆದು 'ಕ್ಲೈಮ್ಯಾಕ್ಸ್‌ನ ನಿಜವಾದ ಅರ್ಥ' ಅನ್ನುವ ಥರದ ಒಂದು ವಿಡಿಯೋ ಹಾಕಿಯೇಬಿಟ್ಟಳು. ಅದರಲ್ಲಿ ಒಬ್ಬ ಪುಣ್ಯಾತ್ಮ. ಕೆಂಪು ಗೂಳಿ ಅಂದರೆ ಭಯ. ಹ್ಯಾಗರ್ಡ್ ರಾಜ ಅಂದರೆ ಡಿಪ್ರೆಶನ್. ಯೂನಿಕಾರ್ನ್ ಅಂದರೆ ಮುಗ್ಧತೆ. ಸಮುದ್ರ ಅಂದರೆ ಸುಪ್ತ ಮನಸ್ಸು. ಸಂತೆಯಲ್ಲಿ ತರಕಾರಿ ರೇಟು ಕೂಗಿದ ಹಾಗೆ. ಬದನೆ ಇಷ್ಟು, ಬೀನ್ಸ್ ಇಷ್ಟು. ಚೀಲ ಹಿಡಿಯಿರಿ, ನಡೆಯಿರಿ.

ನನಗೆ ಎಲ್ಲಿ ಉರಿಯಿತೋ ಗೊತ್ತಿಲ್ಲ. "ಆಫ್ ಮಾಡೇ ಅದನ್ನ" ಅಂತ ಕಿರುಚಿಬಿಟ್ಟೆ. ಪಾಪ, ಮಗು ಬೆಚ್ಚಿತು.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಕಾಡಿನಲ್ಲಿ ಯೂನಿಕಾರ್ನ್ ಒಂಟಿಯಾಗಿದ್ದಾಳೆ. ತನ್ನ ಜಾತಿಯಲ್ಲಿ ಉಳಿದವಳು ತಾನೊಬ್ಬಳೇ ಅಂತ ಬೇಟೆಗಾರರ ಮಾತಿನಿಂದ ಗೊತ್ತಾಗುತ್ತದೆ. ಉಳಿದವರನ್ನು ಹುಡುಕಿಕೊಂಡು ಹೊರಡುತ್ತಾಳೆ. ಶ್ಮೆಂಡ್ರಿಕ್ ಅನ್ನುವ ಕೈಲಾಗದ ಮಂತ್ರವಾದಿ ಮತ್ತು ಮಾಲಿ ಗ್ರೂ ಅನ್ನುವ ಹೆಂಗಸು ದಾರಿಯಲ್ಲಿ ಜೊತೆಯಾಗುತ್ತಾರೆ. ಹ್ಯಾಗರ್ಡ್ ಅನ್ನುವ ರಾಜ ತನ್ನ ಕೆಂಪು ಗೂಳಿಯಿಂದ ಜಗತ್ತಿನ ಯೂನಿಕಾರ್ನ್‌ಗಳನ್ನೆಲ್ಲ ಸಮುದ್ರಕ್ಕೆ ಅಟ್ಟಿಸಿ ಅಲ್ಲೇ ಕೂಡಿಹಾಕಿದ್ದಾನೆ. ಯಾಕೆ? ಅವನಿಗೆ ಬದುಕಿನಲ್ಲಿ ಸಂತೋಷ ಕೊಟ್ಟದ್ದು ಅವು ಮಾತ್ರ. ಅಷ್ಟೇ. (ಸಿನಿಮಾದಲ್ಲಿ ಅವನ ದನಿ ಕ್ರಿಸ್ಟೋಫರ್ ಲೀ ಅವರದು. ಅದಕ್ಕಾಗಿಯೇ ಇನ್ನೊಂದು ಸಲ ನೋಡಬಹುದು.) ಗೂಳಿಯಿಂದ ಉಳಿಸಲು ಮಂತ್ರವಾದಿ ಯೂನಿಕಾರ್ನನ್ನು ಹುಡುಗಿ ಮಾಡಿಬಿಡುತ್ತಾನೆ. ಹುಡುಗಿಯಾದವಳು ನಿಧಾನವಾಗಿ ತಾನು ಯಾರು ಅಂತಲೇ ಮರೆಯುತ್ತಾಳೆ. ಲೀರ್ ರಾಜಕುಮಾರನನ್ನು ಪ್ರೀತಿಸುತ್ತಾಳೆ. ಮುಂದಿನದನ್ನು ನೋಡಿಕೊಳ್ಳಿ.

ಈಗ ಪ್ರಶ್ನೆಗಳು. ಗೂಳಿ ಎಲ್ಲಿಂದ ಬಂತು? ಗೊತ್ತಿಲ್ಲ. ಆ ಗೂಳಿಗೆ ಕಣ್ಣು ಯಾಕೆ ಕಾಣುವುದಿಲ್ಲ? ಗೊತ್ತಿಲ್ಲ. ಅಷ್ಟೊಂದು ಯೂನಿಕಾರ್ನ್‌ಗಳು, ಎಲ್ಲಕ್ಕೂ ಕತ್ತಿಯಂಥ ಕೊಂಬು. ಒಂದು ಗೂಳಿಗೆ ಹೆದರಿ ನೀರಿಗೆ ಯಾಕೆ ಇಳಿದವು? ಪ್ರತಿ ಅಲೆಯ ಜೊತೆ ದಡದ ತನಕ ಬಂದು ಮತ್ತೆ ಹಿಂದೆ ಹೋಗುತ್ತವೆ. ಒಂದೇ ಒಂದು ಹೆಜ್ಜೆ. ಗೂಳಿಯ ಭಯಕ್ಕೆ ಇಡುವುದಿಲ್ಲ ಅಂತ ಹ್ಯಾಗರ್ಡ್ ಹೇಳುತ್ತಾನೆ. ಅಷ್ಟೊಂದು ಕೊಂಬುಗಳಿಗೆ ಒಂದು ಗೂಳಿಯ ಭಯ ಯಾಕೆ? ಪುಸ್ತಕ ಹೇಳುವುದಿಲ್ಲ, ಸಿನಿಮಾವೂ ಹೇಳುವುದಿಲ್ಲ. ಕಥೆಯಲ್ಲಿ ಒಂದು ಬೆಕ್ಕಿದೆ. ಅದಕ್ಕೆ ಎಲ್ಲಾ ಗೊತ್ತು. ಮಾಲಿ ಕೇಳಿದರೆ, ಬೆಕ್ಕುಗಳು ಯಾರಿಗೂ ನೇರ ಉತ್ತರ ಕೊಡುವ ಜಾತಿಯಲ್ಲ ಅನ್ನುತ್ತದೆ. ಬೀಗಲ್ ಬೇಕಂತಲೇ ಬಾಗಿಲು ಹಾಕಿ, ಒಂದು ಬೆಕ್ಕನ್ನು ಕಾವಲಿಗೆ ಕೂರಿಸಿದ್ದಾರೆ. ಈ ವಿಡಿಯೋದವನು ಹೆಂಚು ತೆಗೆದು ಮೇಲಿಂದ ಇಳಿಯುತ್ತಾನೆ.

ನನ್ನ ಕೋಪ ಗುಟ್ಟಿನ ಅರ್ಥಗಳ ಮೇಲಲ್ಲ. ಅದು ನನಗೂ ಇಷ್ಟ. ಶ್ಮೆಂಡ್ರಿಕ್ ಅಂದರೆ ಯಿಡ್ಡಿಷ್ ಭಾಷೆಯಲ್ಲಿ ಕೆಲಸಕ್ಕೆ ಬಾರದ ಪೆದ್ದ ಅಂತ ತಿಳಿದಾಗ ಒಬ್ಬಳೇ ನಕ್ಕಿದ್ದೆ. ಹುಡುಗಿಯಾದ ಯೂನಿಕಾರ್ನ್‌ಗೆ ಅಮಾಲ್ಥಿಯಾ ಅಂತ ಹೆಸರಿಡುತ್ತಾರೆ. ಗ್ರೀಕ್ ಪುರಾಣದಲ್ಲಿ ಝ್ಯೂಸ್ ದೇವರಿಗೆ ಹಾಲು ಕೊಟ್ಟ ಮೇಕೆಯ ಹೆಸರು ಅದು. ಕೊಂಬು ಮುರಿದ ಮೇಕೆ. ಕೊಂಬು ಕಳೆದುಕೊಂಡವಳಿಗೆ ಆ ಹೆಸರು! ಇಂಥದ್ದು ಸಿಕ್ಕಿದರೆ ಕಥೆ ಇನ್ನಷ್ಟು ದೊಡ್ಡದಾಗುತ್ತದೆ. 'ಗೂಳಿ ಅಂದರೆ ಭಯ' ಅಂದ ಕೂಡಲೇ ಗೂಳಿಯೇ ಮಾಯ. ಆಮೇಲೆ ಅಲ್ಲಿ ನೋಡಲು ಏನಿದೆ?

ನಮ್ಮ ಹುಡುಗಿ ಸುಮ್ಮನಿರುವ ಪೈಕಿ ಅಲ್ಲ. ಬೆಳಿಗ್ಗೆ ದೋಸೆ ತಿನ್ನುತ್ತಾ ಶುರು ಮಾಡಿದಳು. "ಚಿಕ್ಕಿ, ಯೂನಿಕಾರ್ನ್‌ಗೆ ಅರ್ಥ ಹಚ್ಚೋದು ಹೊಸದೇನಲ್ಲ. ಯುರೋಪಿನವರು ಸಾವಿರಕ್ಕೂ ಹೆಚ್ಚು ವರ್ಷದಿಂದ ಅದನ್ನೇ ಮಾಡಿದ್ದಾರೆ. ಕನ್ಯೆಯ ಮಡಿಲಲ್ಲಿ ತಲೆ ಇಟ್ಟು ಸಿಕ್ಕಿಬೀಳೋ ಯೂನಿಕಾರ್ನ್ ಅಂದ್ರೆ ಕ್ರಿಸ್ತ, ಕನ್ಯೆ ಅಂದ್ರೆ ಮೇರಿ."

ಸರಿಯಮ್ಮಾ, ಒಪ್ಪಿದೆ. ಹಾಗಾದರೆ ನ್ಯೂಯಾರ್ಕಿನ ಕ್ಲಾಯ್ಸ್ಟರ್ಸ್ ಮ್ಯೂಸಿಯಮ್ಮಿನಲ್ಲಿರುವ, ಯೂನಿಕಾರ್ನ್ ಚಿತ್ರ ನೇಯ್ದ ಆ ಏಳು ಗೋಡೆಪರದೆಗಳನ್ನು ನೋಡು ಅಂತ ಲ್ಯಾಪ್‌ಟಾಪ್ ತೆರೆದೆ. ಸುಮಾರು 1500ರ ಹೊತ್ತಿಗೆ ನೇಯ್ದವು. ಸಿನಿಮಾದ ಶುರುವಿನಲ್ಲಿ ಬರುವ ಚಿತ್ರಗಳಿಗೂ ಅವುಗಳದ್ದೇ ಛಾಯೆ. ಒಂದರಲ್ಲಿ ಯೂನಿಕಾರ್ನ್ ಹೂದೋಟದ ನಡುವೆ ಕೂತಿದೆ. ಕೊರಳಲ್ಲಿ ಪಟ್ಟಿ. ಮರಕ್ಕೆ ಸರಪಳಿ. ಸುತ್ತ ಬೇಲಿ. ಆದರೆ ಆ ಬೇಲಿ ಎಷ್ಟು ಗಿಡ್ಡ ಅಂದರೆ ನಮ್ಮ ಪಕ್ಕದ ಮನೆಯ ಕರುವೂ ಹಾರಿಬಿಡುತ್ತದೆ. ಮೈಮೇಲೆ ಕೆಂಪು ಕಲೆ. ಗಾಯ ಅಂದುಕೊಂಡರೆ, ಅದು ಮೇಲಿನ ದಾಳಿಂಬೆಯಿಂದ ತೊಟ್ಟಿಕ್ಕಿದ ರಸ. ಹಾರಬಲ್ಲದು, ಹಾರಿಲ್ಲ. ಯಾಕೆ? ಪರದೆಗಳ ಮೇಲೆಲ್ಲ ಎ ಮತ್ತು ಇ ಅನ್ನುವ ಎರಡು ಅಕ್ಷರಗಳನ್ನು ದಾರದಿಂದ ಗಂಟುಹಾಕಿದ ಹಾಗೆ ನೇಯ್ದಿದ್ದಾರೆ. ಗಂಡ ಹೆಂಡತಿಯ ಹೆಸರೋ, ಇನ್ನೇನೋ, ಯಾರೂ ಈವರೆಗೆ ಖಚಿತವಾಗಿ ಬಿಡಿಸಿಲ್ಲ. ಐನೂರು ವರ್ಷ! ಮ್ಯೂಸಿಯಮ್ಮಿನವರೇನು ಪರದೆ ಸುತ್ತಿ ಗೋಡೌನಿಗೆ ಹಾಕಿದ್ದಾರಾ? ಅಲೆಯಲ್ಲಿ ದಡದ ತನಕ ಬಂದು ಹೊರಗೆ ಕಾಲಿಡದ ಬೀಗಲ್‌ರ ಯೂನಿಕಾರ್ನ್‌ಗಳನ್ನು ನೋಡುವಾಗ ನನಗೆ ಈ ಗಿಡ್ಡ ಬೇಲಿಯೇ ನೆನಪಾಗುವುದು.

ಇನ್ನು ಕನ್ಯೆ, ಕೊಂಬು ಅಂದಮೇಲೆ ನಮ್ಮೂರ ಕಡೆಯವಳು ಬಾಯಿ ಮುಚ್ಚಿಕೊಂಡು ಇರುವುದು ಹೇಗೆ? ಶೃಂಗೇರಿಗೆ ಕಿಗ್ಗ ಹತ್ತಿರ. ಅಲ್ಲಿರುವುದು ಋಷ್ಯಶೃಂಗ. ಮಳೆ ಬಾರದಿದ್ದರೂ ಅವನಿಗೆ ಪೂಜೆ, ಜಾಸ್ತಿಯಾದರೂ ಅವನಿಗೇ ಪೂಜೆ. ಮಹಾಭಾರತದಲ್ಲಿ ಅವನು ಜಿಂಕೆಯ ಹೊಟ್ಟೆಯಲ್ಲಿ ಹುಟ್ಟಿದವನು. ತಲೆಯಲ್ಲಿ ಒಂದು ಕೊಂಬು. ಹೆಣ್ಣನ್ನೇ ಕಂಡಿಲ್ಲ. ಅಂಗ ದೇಶಕ್ಕೆ ಬರ ಬಂದಾಗ ರಾಜ ಲೋಮಪಾದ ಅವನನ್ನು ಕರೆತರಲು ವೇಶ್ಯೆಯರನ್ನು ಕಳಿಸುತ್ತಾನೆ. ಬಂದವಳನ್ನು ಇವನು ಯಾರೋ ಹೊಸ ಥರದ ಬ್ರಹ್ಮಚಾರಿ ಅಂದುಕೊಂಡು ಅಪ್ಪನ ಮುಂದೆ ವರ್ಣಿಸುತ್ತಾನೆ. ಅಪ್ಪ ತಲೆ ಚಚ್ಚಿಕೊಳ್ಳಬೇಕು, ಅಂಥ ವರ್ಣನೆ. ಕೊನೆಗೆ ಅವಳ ಹಿಂದೆ ಹೋಗುತ್ತಾನೆ. ಅಂಗ ದೇಶದಲ್ಲಿ ಕಾಲಿಟ್ಟ ಕೂಡಲೇ ಮಳೆ. ಯುರೋಪಿನ ಯೂನಿಕಾರ್ನ್ ಕಥೆಗೂ ಇದಕ್ಕೂ ನಂಟಿದೆ ಅಂತ ವಾದಿಸಿದ ವಿದ್ವಾಂಸರಿದ್ದಾರೆ. ಒಂಟಿ ಕೊಂಬಿನ ಪ್ರಾಣಿಯ ಬಗ್ಗೆ ಪಶ್ಚಿಮದಲ್ಲಿ ಮೊದಮೊದಲು ಬರೆದ ಗ್ರೀಕ್ ವೈದ್ಯ ಕ್ಟೀಸಿಯಸ್ ಕೂಡ ಅದು ಇರುವುದು ಭಾರತದಲ್ಲಿ ಅಂತಲೇ ಬರೆದ. ಅವನು ಭಾರತಕ್ಕೆ ಬಂದವನಲ್ಲ. ಪರ್ಷಿಯಾದ ಅರಮನೆಯಲ್ಲಿ ಕೂತು ಕೇಳಿದ್ದನ್ನು ಬರೆದವನು.

ಅಜ್ಜಿ ಈ ಕಥೆ ಹೇಳುವಾಗ ನಾನು ಕೇಳಿದ್ದೆ. "ಮದುವೆ ಆದ್ಮೇಲೆ ಕೊಂಬು ಬಿದ್ದುಹೋಯ್ತಾ ಅಜ್ಜಿ?" ಅಜ್ಜಿ ಅಂದದ್ದು, "ಮಳೆ ಬಂತಲ್ಲ, ಸುಮ್ನೆ ಮಲ್ಕ." ನಲವತ್ತು ವರ್ಷವಾಯಿತು. ಜೋರು ಮಳೆ ಬಂದರೆ ಈಗಲೂ ನನಗೆ ಆ ಕೊಂಬಿನ ಯೋಚನೆ ಬರುತ್ತದೆ. ಅಜ್ಜಿ ಅವತ್ತು 'ಕೊಂಬು ಅಂದರೆ ಅಹಂಕಾರ ಮಗಾ' ಅಂದಿದ್ದರೆ? ಅವತ್ತೇ ಮರೆತಿರುತ್ತಿದ್ದೆ.

ಕಥೆಯಲ್ಲಿ ಒಂದು ಕಡೆ ಮಮ್ಮಿ ಫಾರ್ಚುನಾ ಅನ್ನುವ ಮಾಟಗಾತಿ ಬರುತ್ತಾಳೆ. ಊರೂರು ಸುತ್ತುವ ಮೃಗಶಾಲೆಯವಳು. ಅವಳ ಪಂಜರದಲ್ಲಿ ಎಲ್ಲಾ ಮೋಸ. ಬಡಕಲು ಸಿಂಹವನ್ನು ಮಂತ್ರದಿಂದ ಘೋರ ಮೃಗದ ಹಾಗೆ ತೋರಿಸುತ್ತಾಳೆ. ನಿಜವಾದದ್ದು ಎರಡೇ, ಹಾರ್ಪಿ ಅನ್ನುವ ಭಯಂಕರ ಹಕ್ಕಿ ಮತ್ತು ಯೂನಿಕಾರ್ನ್. ಆದರೆ ಜನರ ಕಣ್ಣಿಗೆ ಯೂನಿಕಾರ್ನ್ ಬರೀ ಬಿಳಿ ಕುದುರೆ. ಕೊಂಬು ಅಲ್ಲೇ ಇದೆ, ಕಾಣುವುದಿಲ್ಲ. ಅದಕ್ಕೆ ಮಾಟಗಾತಿ ಏನು ಮಾಡುತ್ತಾಳೆ? ನಿಜವಾದ ಯೂನಿಕಾರ್ನ್ ಹಣೆಗೆ ಮಂತ್ರದ ಸುಳ್ಳು ಕೊಂಬು ಹಚ್ಚುತ್ತಾಳೆ. ಆಗ ಜನ ಕಣ್ಣೀರು ಹಾಕುತ್ತಾರೆ! ವಿಡಿಯೋದವನು ಮಾತಾಡುತ್ತಿದ್ದಾಗ ನನ್ನ ತಲೆಯಲ್ಲಿ ಇದೇ ಓಡುತ್ತಿತ್ತು. ಅಲ್ಲಿ ಕೊಂಬಿದೆ ಮಾರಾಯ. ನೀನು ಇನ್ನೊಂದು ಅಂಟಿಸಬೇಡ.

ಇಷ್ಟೆಲ್ಲ ಭಾಷಣ ಕೇಳಿ ಹುಡುಗಿ ಚಟ್ನಿ ನೆಕ್ಕುತ್ತಾ ಒಂದೇ ಮಾತು ಅಂದಳು. "ಕ್ಲಾಸಲ್ಲಿ ನೀವು ಮಾಡೋದೂ ಇದೇ ಅಲ್ವಾ ಚಿಕ್ಕಿ?"

ಹೌದು. ಇಪ್ಪತ್ತೆರಡು ವರ್ಷದಿಂದ ಪಿಯು ಮಕ್ಕಳಿಗೆ ಕನ್ನಡ ಪಾಠ. ಬರ್ಕೊಳ್ಳಿ, ಇಲ್ಲಿ ದೀಪ ಎಂದರೆ ಜ್ಞಾನ. ಬರ್ಕೊಳ್ಳಿ, ಇಲ್ಲಿ ಕತ್ತಲೆ ಎಂದರೆ ಅಜ್ಞಾನ. ಸಂದರ್ಭದೊಡನೆ ಸ್ವಾರಸ್ಯ ವಿವರಿಸಿ. ಮೌಲ್ಯಮಾಪನಕ್ಕೆ ಕೂತರೆ ಸ್ಕೀಮಿನಲ್ಲಿ ಇರುವುದು ಉತ್ತರಪತ್ರಿಕೆಯಲ್ಲಿ ಇದೆಯಾ ಅಂತ ಮಾತ್ರ ನೋಡಬೇಕು. ಇಲ್ಲೊಂದು ನಿಜ ಹೇಳಿಬಿಡುತ್ತೇನೆ. ಹಿಂದೊಮ್ಮೆ ಕಿರುಪರೀಕ್ಷೆಯಲ್ಲಿ ಒಬ್ಬ ಹುಡುಗ ಬರೆದಿದ್ದ. 'ಈ ಪದ್ಯದ ಅರ್ಥ ನನಗೆ ಆಗಲಿಲ್ಲ. ಆದರೆ ಓದುವಾಗ ಅಜ್ಜನ ಮನೆಯ ಹಿಂದಿನ ಕೆರೆ ನೆನಪಾಯಿತು.' ಅರ್ಧ ಅಂಕ ಕೊಟ್ಟೆ. ಅದೂ ಅಕ್ಷರ ಚೆನ್ನಾಗಿತ್ತು ಅಂತ. ಆ ಹುಡುಗ ಈಗ ಎಲ್ಲಿದ್ದಾನೋ. ಸಿಕ್ಕಿದರೆ ಕಾಫಿ ಕುಡಿಸುತ್ತೇನೆ.

ಹಾಗಂತ ವಿಡಿಯೋದವನಿಗೆ ನಾನು ಮಾಫಿ ಕೊಡುವುದಿಲ್ಲ. ನನಗಾದರೂ ಸರ್ಕಾರ ಸಂಬಳ ಕೊಡುತ್ತದೆ, ಸಿಲಬಸ್ ಮುಗಿಸಬೇಕು. ಅವನಿಗೇನು ಬಂದಿತ್ತು ರೋಗ?

ನನ್ನ ಕನ್ನಡಕ ಮಂಜಾದದ್ದು ಯಾವ ದೃಶ್ಯಕ್ಕೆ ಅಂತ ಹೇಳಿಲ್ಲ ಅಲ್ವಾ. ಮಾಲಿ ಗ್ರೂ ಕಳ್ಳರ ಗುಂಪಿಗೆ ಬೇಯಿಸಿ ಹಾಕುತ್ತಾ ಸವೆದವಳು. ಯೂನಿಕಾರ್ನ್ ಎದುರಿಗೆ ಬಂದಾಗ ಅವಳಿಗೆ ಸುಳ್ಳು ಕೊಂಬು ಬೇಕಾಗುವುದಿಲ್ಲ. ನೋಡಿದ ಕೂಡಲೇ ಗುರುತು ಸಿಗುತ್ತದೆ. ಕೈ ಮುಗಿಯುತ್ತಾಳೆ ಅಂದುಕೊಂಡಿರಾ? ಬೈಯುತ್ತಾಳೆ. ಹುಡುಗಿಯಾಗಿದ್ದಾಗ ಬರಬೇಕಿತ್ತು, ಈಗ ಯಾಕೆ ಬಂದೆ, ನಾನು ಹೀಗಾದ ಮೇಲೆ ಬರಲು ನಿನಗೆಷ್ಟು ಧೈರ್ಯ ಅಂತ. ಆಮೇಲೆ ಅಳುತ್ತಾಳೆ. ಇದನ್ನು ಬರೆದಾಗ ಬೀಗಲ್‌ಗೆ ಮೂವತ್ತು ತುಂಬಿರಲಿಲ್ಲ. ಎಲ್ಲಿಂದ ಗೊತ್ತಾಯಿತೋ ಆ ಹುಡುಗನಿಗೆ.

ಇಪ್ಪತ್ಮೂರಕ್ಕೆ ಓದಿದಾಗ ಈ ಪುಟ ನಾನು ಹಾಗೇ ದಾಟಿದ್ದೆ. ಹಳೇ ಸ್ನೇಹಿತರಿಗೆ ಗೊತ್ತು, ಹತ್ತೊಂಬತ್ತಕ್ಕೆ ನನಗೆ ನಾಟಕದ ಹುಚ್ಚು. ನಾಟಕ ಶಾಲೆಗೆ ಹೋಗುತ್ತೇನೆ ಅಂದಿದ್ದಕ್ಕೆ ಮನೆಯಲ್ಲಿ ಮೂರು ದಿನ ಯಾರೂ ಮಾತಾಡಲಿಲ್ಲ. ಬಿಟ್ಟೆ. ಹೋದ ವರ್ಷ ಒಂದು ತಂಡದವರು ಫೋನ್ ಮಾಡಿದರು. ಪಾತ್ರ ಇದೆ ಮೇಡಂ, ನೀವೇ ಸರಿ ಅಂದರು. ಯಾವ ಪಾತ್ರ ಅಂದೆ. ನಾಯಕಿಯ ಅಜ್ಜಿ. ಫೋನ್ ಇಟ್ಟು ಅಡುಗೆಮನೆಗೆ ಹೋಗಿ ಸುಮ್ಮನೆ ಸಿಂಕ್ ಉಜ್ಜಿದೆ. ಈಗ ಬಂದೆಯಾ? ಯಾರಿಗೆ ಕೇಳುವುದು ಅಂತ ಗೊತ್ತಾಗಲಿಲ್ಲ. ಮಾಲಿಗೆ ಕೇಳಲು ಎದುರಿಗೆ ಒಂದು ಯೂನಿಕಾರ್ನ್ ಆದರೂ ಇತ್ತು.

ಇದರ ಗುಟ್ಟಿನ ಅರ್ಥ ಏನು ಅಂತ ವಿಡಿಯೋದವನು ಹೇಳಲಿಲ್ಲ. ಆ ದೃಶ್ಯವನ್ನು ಹಾರಿಸಿಬಿಟ್ಟಿದ್ದಾನೆ. ಬಹುಶಃ ಅವನ ಪಟ್ಟಿಯಲ್ಲಿ ಅದಕ್ಕೆ ರೇಟಿಲ್ಲ.

ಅಜ್ಜಿ ಪಾತ್ರ ಒಪ್ಪಿಕೊಂಡೆಯಾ ಅಂತ ಕೇಳಬೇಡಿ. ಬೆಕ್ಕಿನ ಉತ್ತರವೇ ನನ್ನ ಉತ್ತರ. ಮತ್ತೆ ಕೆಂಪು ಗೂಳಿ ಯಾರು ಅಂತ ಕೆಳಗೆ ಬರೆಯಲು ಹೊರಟವರಿಗೆ ಮೊದಲೇ ಹೇಳುತ್ತಿದ್ದೇನೆ, ನಾನು ಓದುವುದಿಲ್ಲ. ಸುಳ್ಳು, ಓದುತ್ತೇನೆ. ಓದಿ ಅರ್ಧ ಅಂಕ ಕೊಡುತ್ತೇನೆ.