ಇಸ್ತ್ರಿ ಪೆಟ್ಟಿಗೆ ಹೊತ್ತುಕೊಂಡು ಹೋದವನ ಮಾತು

ವಿದೇಶಕ್ಕೆ ಹೋಗುವಾಗ ಬಟ್ಟೆ, ಕಾಗದಪತ್ರ ಸಾಕು, ಉಳಿದದ್ದೆಲ್ಲ ಅಲ್ಲೇ ಸಿಗುತ್ತದೆ ಎಂದು ಬರೆದಿದ್ದೀರಿ. ಸಿಗುತ್ತದೆ, ನಿಜ. ಆದರೆ ಇಳಿದ ಮೊದಲ ವಾರ ಅಂಗಡಿ ಹುಡುಕುವಷ್ಟು ಪುರುಸೊತ್ತು ಇರಬೇಕಲ್ವಾ?

ಕರೆಂಟಿನ ವಸ್ತು ತುಂಬುವ ಮೊದಲು ಅದರ ಹಿಂದಿನ ಸಣ್ಣ ಅಕ್ಷರ ಓದಿ. 100-240 ವೋಲ್ಟ್ ಎಂದಿದ್ದರೆ ಚಿಂತೆಯಿಲ್ಲ, ಪ್ಲಗ್ಗಿಗೊಂದು ಅಡಾಪ್ಟರ್ ಸಾಕು. ಫೋನ್, ಲ್ಯಾಪ್‌ಟಾಪ್ ಚಾರ್ಜರ್‌ಗಳು ಸಾಮಾನ್ಯವಾಗಿ ಹೀಗೇ ಇರುತ್ತವೆ. ಬರೀ 230 ಎಂದಿದ್ದರೆ 120 ವೋಲ್ಟಿನ ದೇಶದಲ್ಲಿ ಅದು ಸುಮ್ನೆ ಭಾರ. ನಾನು ಇಸ್ತ್ರಿ ಪೆಟ್ಟಿಗೆ ಹೊತ್ತುಕೊಂಡು ಹೋಗಿದ್ದೆ. ಹದಿನೈದು ನಿಮಿಷ ಕಾದೆ. ಬೆಚ್ಚಗಾಯಿತು, ಅಂಗಿಯ ಸುಕ್ಕು ಮಾತ್ರ ಹೋಗಲಿಲ್ಲ. ಅಡಾಪ್ಟರ್ ಬದಲಿಸುವುದು ಪ್ಲಗ್ಗಿನ ಆಕಾರವನ್ನು, ವೋಲ್ಟೇಜನ್ನಲ್ಲ ಎಂದು ಅವತ್ತು ತಲೆಗೆ ಹೋಯಿತು. ಉಲ್ಟಾ ಆಗಿದ್ದರೆ, ಅಂದರೆ 120ರದ್ದನ್ನು 230ಕ್ಕೆ ಹಾಕಿದ್ದರೆ, ಸುಟ್ಟೇ ಹೋಗುತ್ತಿತ್ತು.

ಔಷಧಿ ವಿಷಯದಲ್ಲಿ ಜಿಪುಣತನ ಬೇಡ. ದಿನಾ ತಿನ್ನುವ ಮಾತ್ರೆ ಎರಡು ತಿಂಗಳಿಗಾದರೂ ಇರಲಿ. ಆ ದೇಶದಲ್ಲಿ ಅದಕ್ಕೆ ಅನುಮತಿ ಇದೆಯಾ ಎಂದು ಮೊದಲೇ ನೋಡಿ. ಚೀಟಿಯಲ್ಲಿ ಕಂಪನಿಯ ಹೆಸರಲ್ಲ, ಮದ್ದಿನ ಮೂಲ ಹೆಸರು ಬರೆಸಿಕೊಳ್ಳಿ. ಅದೂ ಕೆಲವೊಮ್ಮೆ ಬೇರೆ ಇರುತ್ತದೆ, ಪ್ಯಾರಸಿಟಮಾಲ್‌ಗೆ ಅಮೆರಿಕದಲ್ಲಿ ಅಸೆಟಮಿನೋಫೆನ್ ಎನ್ನುತ್ತಾರೆ. ಕನ್ನಡಕ ಇನ್ನೊಂದು ಜೊತೆ ಇರಲಿ.

ಹಾಸಿಗೆ ಹೊದಿಕೆ, ಪರದೆ ಎಲ್ಲ ಮನೆ ಸಿಕ್ಕ ಮೇಲೆ ಅಳತೆ ನೋಡಿ ಅಲ್ಲೇ ಕೊಳ್ಳಿ. ಮಂಚದ ಅಳತೆ ದೇಶದಿಂದ ದೇಶಕ್ಕೆ ಬೇರೆ. ಚಳಿ ಜಾಸ್ತಿ ಇರುವ ಕಡೆ ದಪ್ಪ ಕೋಟೂ ಅಷ್ಟೇ, ಇಳಿದ ದಿನಕ್ಕೆ ಒಂದು ಮೈಮೇಲಿದ್ದರೆ ಆಯಿತು. ಹಾಂ, ಪವರ್ ಬ್ಯಾಂಕ್ ಕೈಚೀಲದಲ್ಲೇ ಇಟ್ಟುಕೊಳ್ಳಿ, ದೊಡ್ಡ ಪೆಟ್ಟಿಗೆಯಲ್ಲಿ ಹಾಕಲು ಬಿಡುವುದಿಲ್ಲ.